ಒಂದು ಮೊಳ ಈಚೆ ಎಳೆದ ಗೆರೆ

ಜರ್ಮನಿಯ ಎಷ್‌ಬಾರ್ನಿನಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋದಾಗಲೆಲ್ಲ ಯಾರಾದರೊಬ್ಬ ಹೊಸಬ ನನ್ನ ಕೆಲಸ ಏನೆಂದು ಕೇಳುತ್ತಿದ್ದ. "ಗೆರೆ ಎಳೆಯುವುದು" ಎನ್ನುತ್ತಿದ್ದೆ. ಡಿಸೈನ್ ಎಂಜಿನಿಯರ್ ಇರಬೇಕೆಂದುಕೊಂಡು ಯಾವ ಕಂಪನಿ ಎಂದು ವಿಚಾರಿಸುತ್ತಿದ್ದ. ರಗ್ಬಿ ಮೈದಾನದಲ್ಲಿ ಎಳೆಯುವ ಸುಣ್ಣದ ಗೆರೆ ಎಂದು ತಿಳಿದ ಮೇಲೆ ಒಬ್ಬ ಬೆಂಗಳೂರಿನ ಹುಡುಗ ಪಕ್ಕದವನಿಗೆ, "ಗುರು, ಅಂಕಲ್ ಗ್ರೌಂಡ್ಸ್‌ಮನ್ ಅಂತೆ, ಸಖತ್ತಾಗಿದೆ ಅಲ್ವಾ" ಅಂದ. ಆಮೇಲೆ ಇಬ್ಬರೂ ತಮ್ಮ ವೀಸಾದ ವಿಷಯಕ್ಕೆ ಹೋದರು.

ಈ ವರ್ಷ ಮಾತ್ರ ಉಡುಪಿ ಕಡೆಯ ಇಬ್ಬರು ಸಿಕ್ಕಿದರು. ಮೈದಾನ ಮತ್ತು ತೋಟಗಳ ಕೆಲಸ ಕಲಿಯಲಿಕ್ಕೆಂದೇ ಇಲ್ಲಿಗೆ ಬಂದವರು. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಅವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಸಿಕ್ಕಿದ್ದು ಒಂದೇ ಬಡ್ತಿ, ಅದರಿಂದ ಬದಲಾದದ್ದು ಜಾಕೆಟ್ಟಿನ ಬಣ್ಣ. ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಅದರಲ್ಲೂ ಒಂದು ತಪ್ಪಿದೆ: ಒಂದು ಶನಿವಾರ ಮೈದಾನದ ಎಡಮೂಲೆಯಲ್ಲಿ ನಾನು ಒಂದು ಮೊಳ ಈಚೆ ಎಳೆದ ಗೆರೆ. ಆ ಗೆರೆಯ ಮೇಲೆ ಇಬ್ಬರ ಮರ್ಯಾದೆ ನಿಂತಿತ್ತು, ಒಬ್ಬನದು ಏರಿ, ಇನ್ನೊಬ್ಬನದು ಇಳಿದು. ಹತ್ತೊಂಬತ್ತು ವರ್ಷ ನಾನು ಏರಿದವನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ.

ನಮ್ಮದು ಸೇಂಟ್ ಲಿಯೋನ್-ರೋಟ್‌ನಿಂದ ಬಸ್ಸಿನಲ್ಲಿ ಹೋಗಬಹುದಾದ ಒಂದು ಸಣ್ಣ ಊರು. ಸುತ್ತ ಇಲ್ಲಿಯವರು ತರಕಾರಿಯಾಗಿ ತಿನ್ನುವ ಬಿಳಿ ಶತಾವರಿ ಬೆಳೆಯುವ ಮರಳು ಹೊಲಗಳು, ಒಂದು ಚರ್ಚು, ಎರಡು ಬೇಕರಿ. ಹೆಂಡತಿ ವಸಂತಿ ನರ್ಸ್. ಅವಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಾವು ಬಂದದ್ದು. ಉಡುಪಿಯಲ್ಲಿ ಬಿ.ಕಾಂ. ಮುಗಿಸಿ ಕಾಲೇಜು ತಂಡಕ್ಕೆ ಎಡಗೈ ಸ್ಪಿನ್ ಹಾಕಿದ್ದ ನನಗೆ ಸಿಕ್ಕಿದ್ದು ಬೌಹೋಫ್‌ನಲ್ಲಿ ಕೆಲಸ. ಬೌಹೋಫ್ ಎಂದರೆ ಪುರಸಭೆಯ ಕೆಲಸಗಾರರ ಡಿಪೋ. ಮೂರು ವರ್ಷ ಎಲೆ ಗುಡಿಸಿ ಹಿಮ ತಳ್ಳಿದೆ. ಆಮೇಲೆ ರಗ್ಬಿ ಮೈದಾನದ ಮುದುಕ ನಿವೃತ್ತನಾದ. ಮೇಲಧಿಕಾರಿ ರೀಗೆಲ್ ನನ್ನನ್ನು ಕರೆದು, "ನಿಮ್ಮ ದೇಶದಲ್ಲಿ ಇಂಗ್ಲಿಷರ ಆಟ ಆಡ್ತೀರಲ್ಲ, ಇದೂ ಅವರದ್ದೇ" ಎಂದು ಕೀಲಿಗೊಂಚಲು ಕೊಟ್ಟರು. ಸಂದರ್ಶನ ಅಷ್ಟೇ. ಇಲ್ಲಿಯವರು ನನ್ನ ಹತ್ತಿರ ಮಾತಾಡಿದ್ದು ಜರ್ಮನ್‌ನಲ್ಲಿ. ನನ್ನ ತಲೆಯಲ್ಲಿ ಅದು ನಮ್ಮ ಊರಿನ ಕನ್ನಡವಾಗಿಯೇ ಉಳಿದಿದೆ, ಇಲ್ಲಿ ಹಾಗೆಯೇ ಬರೆಯುತ್ತೇನೆ.

ಆಟ ಇಂಗ್ಲಿಷರದ್ದು ಎಂದರೆ ನಮ್ಮ ಕ್ಲಬ್ಬಿನ ಸ್ಥಾಪಕ ಎಮ್ಲಿನ್‌ಗೆ ಸಿಟ್ಟು ಬರುತ್ತಿತ್ತು. ಅವರು ಇಂಗ್ಲಿಷರಲ್ಲ, ವೇಲ್ಸ್‌ನವರು. ಕಲ್ಲು ಗಣಿಯ ಕಣಿವೆಯೊಂದರಲ್ಲಿ, ನಮ್ಮ ಊರಿಗಿಂತಲೂ ಚಿಕ್ಕ ಊರಿನಲ್ಲಿ ಹುಟ್ಟಿದವರು. ಸೈನಿಕನಾಗಿ ಜರ್ಮನಿಗೆ ಬಂದು, ಇಲ್ಲಿಯ ಬೇಕರಿಯವರ ಮಗಳನ್ನು ಮದುವೆಯಾಗಿ, ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಎಲ್ಲವೂ ಸಿಕ್ಕಿತು, ಶನಿವಾರ ಮಧ್ಯಾಹ್ನದ ರಗ್ಬಿ ಮಾತ್ರ ಸಿಗಲಿಲ್ಲ ಎಂದು ಅವರೇ ಹೇಳುತ್ತಿದ್ದರು. ತಂಡಕ್ಕೆ ಹದಿನೈದು ಮಂದಿ ಬೇಕು, ಮೊದಲ ವರ್ಷ ಕೂಡಿದ್ದು ಹನ್ನೊಂದು. ಬಟ್ಟೆ ಬದಲಿಸುವುದು ಅಗ್ನಿಶಾಮಕ ದಳದ ಶೆಡ್ಡಿನಲ್ಲಿ. ಗೋಲಿನ ಎತ್ತರದ ಕಂಬಗಳನ್ನು ಊರಿನ ಛಾವಣಿ ಕೆಲಸದವನೊಬ್ಬ ತನ್ನ ಅಟ್ಟಣಿಗೆಯ ಮರಗಳಿಂದ ಮಾಡಿಕೊಟ್ಟ. ಅವನ ಮಗ ಉವೆ, ಅಪ್ಪನ ಕಸುಬನ್ನೇ ಹಿಡಿದವನು, ಮುಂದೆ ತಂಡದ ಮುಂದಿನ ಸಾಲಿನ ಆಟಗಾರನಾದ. ಆ ಜಾಗದವರಿಗೆ ಪ್ರಾಪ್ ಎನ್ನುತ್ತಾರೆ. ಎದುರಾಳಿಗೆ ಭುಜ ಕೊಟ್ಟು ತಳ್ಳುವುದು, ಕೆಳಗೆ ಬೀಳುವುದು, ಏಳುವುದು ಅವರ ಕೆಲಸ. ಚೆಂಡು ಹಿಡಿದು ಓಡಿ ಹೆಸರು ಮಾಡುವುದು ಹಿಂದೆ ನಿಂತ ತೆಳ್ಳಗಿನವರ ಪಾಲು.

ಎಮ್ಲಿನ್ ತಮ್ಮ ಊರಿನ ಕ್ಲಬ್ಬಿನಿಂದ ಕೆಂಪು ಅಂಗಿಯನ್ನೂ ಒಂದು ಪದ್ಧತಿಯನ್ನೂ ತಂದಿದ್ದರು. ಪಂದ್ಯಕ್ಕೆ ಮೊದಲು ಎರಡೂ ತಂಡದ ನಾಯಕರು ನೇರ ಮೈದಾನದವನ ಬಳಿ ಬಂದು ಕೈ ಕುಲುಕಬೇಕು. "ಮೈದಾನ ಹೇಗುಂಟು?" ಎಂದು ಕೇಳಬೇಕು. ಅವನು "ಸರಿ ಉಂಟು" ಎಂದ ಮೇಲೆಯೇ ರೆಫರಿಯ ಹತ್ತಿರ ಹೋಗುವುದು. ಆ ಕಣಿವೆಯ ಊರಿನಲ್ಲಿ ಮೈದಾನದವನ ಹೆಸರನ್ನು ನಾಯಕರ ಹೆಸರಿನ ಕೆಳಗೆ ಹಲಗೆಯ ಮೇಲೆ ಬರೆಯುತ್ತಿದ್ದರಂತೆ. ಬೌಹೋಫ್‌ನಲ್ಲಿ ನನ್ನ ಪೂರ್ತಿ ಹೆಸರು ಹೇಳಲು ಬರುವವರೇ ಇರಲಿಲ್ಲ. ಶನಿವಾರ ಇಬ್ಬರು ಬಾಗಿಲೆತ್ತರದ ಗಂಡಸರು ಬಂದು ನನ್ನ ಕೈ ಹಿಡಿದು ನನ್ನ ಮಾತಿಗೆ ಕಾಯುವುದು ನನಗೆ ಬಹಳ ಹಿತವಾಗುತ್ತಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲ ವರ್ಷವೇ ಎಡವಿದೆ. ಆಟದ ನೆಲ ಎಂದರೆ ನನ್ನ ತಲೆಯಲ್ಲಿದ್ದದ್ದು ಕ್ರಿಕೆಟ್ ಪಿಚ್. ಇಲ್ಲಿಯ ನೆಲ ಮೆತ್ತಗಿರುವುದನ್ನು ಕಂಡು ಹಿಂದಿನ ಮುದುಕ ಸೋಮಾರಿ ಇರಬೇಕೆಂದುಕೊಂಡೆ. ರಸ್ತೆಗೆ ಹೊಡೆಯುವ ರೋಲರನ್ನು ಕೇಳಿ ತಂದು ಮೂರು ದಿನ ಉದ್ದಕ್ಕೂ ಅಡ್ಡಕ್ಕೂ ಹೊಡೆದೆ. ಹುಲ್ಲು ಇಸ್ತ್ರಿ ಮಾಡಿದಂತೆ ಮಲಗಿತು. ರೀಗೆಲ್ ಬಂದು ನೋಡಿ ಇಷ್ಟು ಚಂದದ ಮೈದಾನ ತಾನು ಕಂಡಿಲ್ಲ ಎಂದರು. ಶನಿವಾರ ಆಟ ಶುರುವಾಗಿ ಮೊದಲ ಬಾರಿ ಕೆಳಗೆ ಬಿದ್ದ ಉವೆ ಎದ್ದು ನನ್ನ ಕಡೆ ತಿರುಗಿ, "ಇದೆಂತ ಮಾರಾಯ, ಮೈದಾನವಾ ಕಾರು ನಿಲ್ಲಿಸುವ ಜಾಗವಾ?" ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಬೇರೊಬ್ಬನ ಕೊರಳೆಲುಬು ಮುರಿಯಿತು.

ಎಮ್ಲಿನ್ ಒಂದು ಗುದ್ದಲಿ ಹಿಡಿದು ನನ್ನ ಬಳಿ ಬಂದರು. "ಯಾರು ಹೇಳಿಕೊಟ್ಟದ್ದು ನಿನಗೆ?"

"ಕ್ರಿಕೆಟ್ಟಿಗೆ ಹೀಗೆ ಮಾಡುದು."

ಅವರು ನಗಲು ಶುರು ಮಾಡಿದವರು ಬೆಂಚಿನ ಮೇಲೆ ಕುಳಿತೇ ನಿಲ್ಲಿಸಿದ್ದು. ಆಮೇಲೆ ಗುದ್ದಲಿಯಿಂದ ಒಂದು ಹೆಂಟೆ ಎತ್ತಿ ನನ್ನ ಕೈಯನ್ನು ಮಣ್ಣಿನೊಳಗೆ ತುರುಕಿಸಿದರು. "ಅಲ್ಲಿ ಚೆಂಡು ಪುಟಿಯಬೇಕು. ಇಲ್ಲಿ ಮನುಷ್ಯ ಬೀಳ್ತಾನೆ. ನೀನು ಹಾಸಿಗೆ ಹಾಸ್ತಾ ಇದ್ದಿ ಅಂತ ತಿಳ್ಕೊ." ಆ ಬೇಸಿಗೆಯಿಡೀ ಉದ್ದ ಹಲ್ಲಿನ ಫೋರ್ಕಿನಿಂದ ಮೈದಾನವನ್ನು ಗೇಣು ಗೇಣು ಚುಚ್ಚಿ ಗಾಳಿಯಾಡಿಸಿದೆ. ಕೊರಳೆಲುಬು ಮುರಿದವನಿಗೆ ವಸಂತಿ ಎರಡು ವಾರ ನೀರುದೋಸೆ ಮಾಡಿ ಕಳಿಸಿದಳು. ಅವನು ಜಾಮ್ ಹಚ್ಚಿಕೊಂಡು ತಿಂದನಂತೆ.

ಎರಡನೆಯ ತಪ್ಪು ಒಂದು ಬಿಲದ ಪ್ರಾಣಿಯ ವಿಷಯ. ಇಲ್ಲಿ ನೆಲದೊಳಗೆ ಕೊರೆಯುವ ಒಂದು ಕುರುಡು ಪ್ರಾಣಿಯಿದೆ, ಮೋಲ್ ಅನ್ನುತ್ತಾರೆ. ಒಂದು ವಾರದಲ್ಲಿ ಅದು ಹನ್ನೆರಡು ಮಣ್ಣುಗುಪ್ಪೆ ಎಬ್ಬಿಸಿತು. ಊರಿನಲ್ಲಿ ಹೆಗ್ಗಣಕ್ಕೆ ಮಾಡುವಂತೆ ನಾನು ಬಿಲಕ್ಕೆಲ್ಲ ನುಸಿಗುಳಿಗೆ ತುಂಬಿಸಿ ಮುಚ್ಚಿದೆ. ಮರುದಿನ ಬೇಲಿಯಾಚೆಯ ಅಜ್ಜಿ ಮೂಗು ಮುಚ್ಚಿಕೊಂಡು ಬಂದು ವಾಸನೆ ಎಂತದು ಎಂದು ಕೇಳಿದಳು. ನಾನು ಅಭಿಮಾನದಿಂದ ವಿವರಿಸಿದೆ. ಆ ಪ್ರಾಣಿಗೆ ಈ ದೇಶದಲ್ಲಿ ಕಾನೂನಿನ ರಕ್ಷಣೆ ಉಂಟು, ಅದರ ಬಿಲ ಮುಟ್ಟಲಿಕ್ಕೂ ಅನುಮತಿ ಬೇಕು ಎಂದು ಅಜ್ಜಿಯೇ ತಿಳಿಸಿದಳು, ಕಚೇರಿಗೂ ತಿಳಿಸಿದಳು. ರೀಗೆಲ್ ನನ್ನ ಪರವಾಗಿ ನಾಲ್ಕು ಪುಟದ ಕ್ಷಮೆ ಬರೆದರು. ಗುಳಿಗೆಗಳನ್ನು ಚಮಚದಲ್ಲಿ ಒಂದೊಂದಾಗಿ ತೆಗೆಯಬೇಕಾಯಿತು. ಮೋಲ್ ಅಷ್ಟರಲ್ಲಿ ಅಜ್ಜಿಯ ತೋಟಕ್ಕೆ ಹೋಗಿತ್ತು, ಅವಳು ಅದರ ಮೇಲೆ ದೂರು ಕೊಟ್ಟದ್ದು ಕೇಳಿಲ್ಲ.

ಮೈದಾನವನ್ನು ಓದುವುದನ್ನು ನನಗೆ ಕಲಿಸಿದ್ದು ವೇಲ್ಸ್‌ನಿಂದ ಬಂದ ಇನ್ನೊಬ್ಬ ಮೈದಾನದವನು. ಎಮ್ಲಿನ್ ಹುಟ್ಟೂರಿನ ಕ್ಲಬ್ಬು ಕೆಲವು ವರ್ಷಕ್ಕೊಮ್ಮೆ ಬಸ್ಸು ತುಂಬ ಬರುತ್ತಿತ್ತು. ನಮ್ಮನ್ನು ಚೆನ್ನಾಗಿ ಸೋಲಿಸಿ, ಅನಂತರ ನಮ್ಮ ಚರ್ಚಿನಲ್ಲಿ ನಿಂತು ನಾಲ್ಕು ಸ್ವರದಲ್ಲಿ ಹಾಡುತ್ತಿತ್ತು. ಸೋತವರ ಹೆಂಗಸರೆಲ್ಲ ಅಳುತ್ತಿದ್ದರು, ಹಾಡಿಗೆ. ಅವರ ಮೈದಾನದವನಿಗೆ ಜರ್ಮನ್ ಬರುತ್ತಿರಲಿಲ್ಲ, ಅವನ ಇಂಗ್ಲಿಷ್ ನನಗೆ ಹತ್ತುತ್ತಿರಲಿಲ್ಲ. ನಾವಿಬ್ಬರೂ ಬೆಳಿಗ್ಗೆ ಸುಮ್ಮನೆ ಮೈದಾನ ನಡೆದೆವು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲು ಅವನು ಸ್ಕ್ರೂಡ್ರೈವರ್ ಚುಚ್ಚಿ ತೋರಿಸಿದ, ನಾವು ಇಡ್ಲಿಗೆ ಕಡ್ಡಿ ಚುಚ್ಚಿ ನೋಡುವ ಹಾಗೆ. ಹಿಡಿಕೆಯವರೆಗೆ ಇಳಿದರೆ ಆಟ, ಅರ್ಧಕ್ಕೆ ನಿಂತರೆ ಬೀಗ. ಈಗ ಅದಕ್ಕೂ ಯಂತ್ರ ಬಂದಿದೆ. ಆದರೂ ಒಂದು ಸ್ಕ್ರೂಡ್ರೈವರ್ ಜೇಬಿನಲ್ಲಿರಲಿ, ಅದಕ್ಕೆ ಬ್ಯಾಟರಿ ಬೇಡ.

ಇನ್ನು ಗೆರೆಯ ಕಥೆ.

ಆ ವರ್ಷ ಕ್ಲಬ್ಬಿಗೆ ಹೊಡೆತದ ಮೇಲೆ ಹೊಡೆತ. ಮೈದಾನದ ಗುತ್ತಿಗೆ ಮುಗಿಯುತ್ತಿತ್ತು. ಆ ಜಾಗದಲ್ಲಿ ಸೂಪರ್ ಮಾರ್ಕೆಟ್ಟಿನ ಕಾರು ನಿಲ್ದಾಣ ಮಾಡಬೇಕೆಂದು ಪುರಸಭೆಯಲ್ಲಿ ಮಾತೆದ್ದಿತ್ತು. ಕೆಳಗಿನ ಲೀಗಿನಲ್ಲಿ ಹೆಣಗುವ ಕ್ಲಬ್ಬಿಗೆ ಅಷ್ಟು ದೊಡ್ಡ ಜಾಗ ಯಾಕೆ ಎಂದು ಕೆಲವರು ಕೇಳಿದ್ದರು. ಋತುವಿನ ಕೊನೆಯ ಪಂದ್ಯ ನೆರೆಯ ಊರಿನ ತಂಡದ ಮೇಲೆ, ನಮ್ಮಲ್ಲೇ. ಗೆದ್ದವರು ಮೇಲಿನ ಲೀಗಿಗೆ. ಮೈದಾನ ಹೋದರೆ ನನ್ನ ಕೆಲಸವೂ ಹೋಗಿ ಮತ್ತೆ ಎಲೆ ಗುಡಿಸುವುದೇ ಗತಿ ಎಂದು ನನಗೂ ಗೊತ್ತಿತ್ತು.

ಗೆರೆ ಎಳೆಯುವ ಕ್ರಮ ಹೀಗೆ. ಮೈದಾನದ ಮೂಲೆಗಳಲ್ಲಿ ನೆಲದೊಳಗೆ ಪ್ಲಾಸ್ಟಿಕ್ ಕೊಳವೆ ಹೂತಿರುತ್ತದೆ, ಮೇಲೊಂದು ಮುಚ್ಚಳ. ಅದರಲ್ಲಿ ಮೂಲೆಯ ಬಾವುಟ ನಿಲ್ಲಿಸುವುದು. ಈ ಮೂಲೆಯ ಕೊಳವೆಯಿಂದ ಆ ಮೂಲೆಯ ಕೊಳವೆಗೆ ಹಗ್ಗ ಬಿಗಿದು ಅದರ ಗುಂಟ ಸುಣ್ಣದ ಗಾಡಿ ತಳ್ಳಿದರೆ ಗೋಲಿನ ಗೆರೆ. ಚೆಂಡು ಹಿಡಿದವನು ಆ ಗೆರೆಯ ಮೇಲೋ ಆಚೆಗೋ ನೆಲಕ್ಕೆ ಚೆಂಡನ್ನು ಒತ್ತಿದರೆ ಅದು ಟ್ರೈ, ಐದು ಅಂಕ. ನಮ್ಮ ಮೈದಾನದಲ್ಲಿ ಮಕ್ಕಳ ಫುಟ್‌ಬಾಲ್ ಕೂಡ ನಡೆಯುತ್ತಿತ್ತು. ಅದರ ಗೆರೆಗೆ ಬೇರೆ ಕೊಳವೆ, ರಗ್ಬಿಯ ಕೊಳವೆಗಿಂತ ಒಂದು ಮೊಳ ಒಳಗೆ. ಎರಡರ ಮುಚ್ಚಳದ ಮೇಲೂ ಹುಲ್ಲು ಬೆಳೆದಿರುತ್ತದೆ. ಕಬ್ಬಿಣದ ಸರಳಿನಿಂದ ನೆಲ ತಟ್ಟುತ್ತಾ ಹೋಗಬೇಕು, ಟೊಕ್ ಎಂದು ಸದ್ದಾದಲ್ಲಿ ಮುಚ್ಚಳ. ಎರಡು ಸಲ ಟೊಕ್ ಎನ್ನಿಸಿ, ಹೊರಗಿನದನ್ನು ಹಿಡಿಯಬೇಕು. ಆ ಶನಿವಾರ ಎಡಮೂಲೆಯಲ್ಲಿ ಮೊದಲ ಟೊಕ್ ಕೇಳಿದ್ದೇ ಸಾಕೆಂದು ಮುಚ್ಚಳ ತೆಗೆದು ಹಗ್ಗ ಕಟ್ಟಿದೆ. ಅವಸರಕ್ಕೆ ಕಾರಣವೂ ಇರಲಿಲ್ಲ. ಆ ಹೊತ್ತಿಗೆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಅಷ್ಟೇ. ಬಲಮೂಲೆಯಲ್ಲಿ ಸರಿಯಾದ ಕೊಳವೆ, ಎಡದಲ್ಲಿ ಫುಟ್‌ಬಾಲಿನದ್ದು. ನಡುವೆ ಗೋಲುಕಂಬದ ಬುಡದಲ್ಲಿ ಗೆರೆ ಗೇಣಿನಷ್ಟು ತಪ್ಪಿತ್ತು. ಕಂಬಕ್ಕೆ ಸುತ್ತಿದ ದಪ್ಪ ಸ್ಪಂಜು ಅದನ್ನು ಮುಚ್ಚಿತು. ಬಾವುಟವನ್ನೂ ಅದೇ ತಪ್ಪು ಕೊಳವೆಯಲ್ಲಿ ನಿಲ್ಲಿಸಿದೆ.

ನಾಯಕರಿಬ್ಬರೂ ಬಂದು ಕೈ ಕುಲುಕಿದರು. "ಮೈದಾನ ಹೇಗುಂಟು?"

"ಸರಿ ಉಂಟು" ಎಂದೆ.

ಕೊನೆಯ ನಿಮಿಷದಲ್ಲಿ ನಾವು ಮೂರು ಅಂಕ ಹಿಂದಿದ್ದೆವು. ಗುಂಪಿನಿಂದ ಚೆಂಡು ಜಾರಿ ಹೊರಬಂದದ್ದು ಉವೆಯ ಕೈಗೆ. ಹದಿನಾಲ್ಕು ವರ್ಷ ಆಡಿದ್ದರಲ್ಲಿ ಅವನು ಒಂದೇ ಒಂದು ಟ್ರೈ ಹಾಕಿರಲಿಲ್ಲ. ಯಾರಿಗೂ ಕೊಡಲು ಆಗದೆ ಎಡಮೂಲೆಯ ಕಡೆಗೆ ಓಡಿದ. ಓಡಿದ ಎಂದು ಬರೆಯುವುದು ಸ್ನೇಹಕ್ಕೆ. ಎದುರಿಗೆ ಉಳಿದಿದ್ದವನು ಅವರ ಫುಲ್‌ಬ್ಯಾಕ್ ಒಬ್ಬನೇ, ಅಂದರೆ ಎಲ್ಲರ ಹಿಂದೆ ಕಾವಲು ನಿಲ್ಲುವ ಕೊನೆಯ ಆಟಗಾರ. ಉವೆಯ ಅರ್ಧ ತೂಕದ ಆ ಮನುಷ್ಯ ಅವನ ಸೊಂಟ ತಬ್ಬಿ ಉರುಳಿಸಿದ. ಬೀಳುತ್ತಾ ಉವೆ ಕೈ ಚಾಚಿದ. ಚೆಂಡು ಬಿಳಿ ಗೆರೆಗೆ ತಾಗಿತು, ಕೈಗೆ ಸುಣ್ಣ ಹತ್ತಿತು. ರೆಫರಿ ಸೀಟಿ ಊದಿದ. ಗೆದ್ದೆವು.

ಪಂದ್ಯದ ನಂತರ ಎರಡೂ ತಂಡ ಒಟ್ಟಿಗೆ ಕೂತು ಉಣ್ಣಬೇಕು, ಅದನ್ನು ಮೂರನೇ ಅರ್ಧ ಎನ್ನುತ್ತಾರೆ. ಅಲ್ಲಿ ಆ ಫುಲ್‌ಬ್ಯಾಕ್ ಎದ್ದುನಿಂತು, "ಆ ಮೂಲೆ ಸರಿ ಇರ್ಲಿಲ್ಲ. ನಾನು ಅವನನ್ನು ಮೊದಲೇ ಹಿಡಿದಿದ್ದೆ" ಎಂದ. ಎಲ್ಲರೂ ಓಹೋ ಎಂದು ಮೇಜು ಬಡಿದರು. ಅವನ ತಂಡದವರೇ ಹೆಚ್ಚು. ಯಾರೋ ನನ್ನ ಕಡೆ ಕೈ ತೋರಿಸಿ, "ಮೈದಾನದವ ಇಲ್ಲೇ ಇದ್ದಾನಲ್ಲ, ಕೇಳಿ ಬಿಡು" ಎಂದರು. ಅವನು ನನ್ನನ್ನೇ ನೋಡುತ್ತಾ ಕೇಳಿದ. ನಾನು ಆಲೂಗಡ್ಡೆ ಸಲಾಡ್ ನುಂಗಿ, "ಸರಿ ಉಂಟು" ಎಂದೆ. ಆಗ ನಾನು ಹಾಗೆಯೇ ನಂಬಿದ್ದೆ. ಅವನ ಹೆಸರು ಕೂಡ ನಾನು ಕೇಳಲಿಲ್ಲ.

ಮಂಗಳವಾರ ಮಕ್ಕಳ ಫುಟ್‌ಬಾಲಿಗೆ ಗೆರೆ ಹಾಕಲು ಫುಟ್‌ಬಾಲಿನ ಕೊಳವೆಗಳಿಗೆ ಹಗ್ಗ ಬಿಗಿದೆ. ಎಡಮೂಲೆಯಲ್ಲಿ ಹಗ್ಗ ಹೋಗಿ ಶನಿವಾರದ ಸುಣ್ಣದ ಮೇಲೆಯೇ ಕೂತಿತು. ನಾನು ಎರಡನೇ ಸಲ ಸರಳು ತಟ್ಟಿದೆ. ಒಂದು ಮೊಳ ಆಚೆ ಟೊಕ್ ಎಂದಿತು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಎಮ್ಲಿನ್ ಮನೆಗೆ ಹೋಗಿ ಹೇಳಿದೆ. ಅವರು ಗುತ್ತಿಗೆಯ ಅರ್ಜಿ ಬರೆಯುತ್ತಿದ್ದರು. ಪೆನ್ನು ಕೆಳಗಿಟ್ಟರು.

"ಬೇರೆ ಯಾರಿಗೆ ಗೊತ್ತುಂಟು?"

"ಯಾರಿಗೂ ಇಲ್ಲ."

"ರೆಫರಿ ಸೀಟಿ ಊದಿ ಆಯ್ತು. ನೀನು ಹೋಗಿ ಆ ಫುಟ್‌ಬಾಲಿನ ಕೊಳವೆ ಕಿತ್ತು ದೂರ ಹಾಕು." ಮತ್ತೆ ಪೆನ್ನು ತೆಗೆದುಕೊಂಡರು. ನಾನು ಬಾಗಿಲ ಹತ್ತಿರ ಹೋದಾಗ ತಲೆ ಎತ್ತದೆ, "ನನ್ನ ಊರಿನಲ್ಲಿ ಆಗಿದ್ರೆ ನಾನು ಬೇರೆ ಮಾತು ಹೇಳ್ತಿದ್ದೆನೋ ಏನೋ" ಎಂದರು.

ಕೊಳವೆ ಕಿತ್ತೆ. ಮೇಲಿನ ಲೀಗಿಗೆ ಹೋದ ಕ್ಲಬ್ಬಿಗೆ ಪುರಸಭೆ ದೀರ್ಘ ಗುತ್ತಿಗೆ ಕೊಟ್ಟಿತು, ಕಾರುಗಳು ಬೇರೆಡೆ ನಿಂತವು. ಉವೆಯ ಟ್ರೈಯ ಫೋಟೋ ಚೌಕಟ್ಟು ಹಾಕಿಸಿಕೊಂಡು ಕ್ಲಬ್ಬಿನ ಬಿಯರ್ ಕೌಂಟರಿನ ಮೇಲೆ ನೇತಾಡಿತು. ಚಾಚಿದ ಕೈ, ಬಿಳಿ ಗೆರೆಯ ಮೇಲೆ ಚೆಂಡು, ಸೊಂಟ ಹಿಡಿದು ಕಣ್ಣು ಮುಚ್ಚಿಕೊಂಡ ಫುಲ್‌ಬ್ಯಾಕ್. ಹೊಸಬರು ಬಂದಾಗಲೆಲ್ಲ ಉವೆ ಅದರ ಕೆಳಗೆ ನಿಂತು ಕಥೆ ಹೇಳುತ್ತಿದ್ದ. ವರ್ಷಕ್ಕೆ ಒಂದು ಹೆಜ್ಜೆಯಂತೆ ಅವನ ಓಟ ಉದ್ದವಾಗುತ್ತಿತ್ತು. ನೆರೆಯ ಊರಿನಲ್ಲಿ ಆ ಫುಲ್‌ಬ್ಯಾಕ್‌ಗೆ ‘ತಿರುಗುಬಾಗಿಲು’, ಅಂದರೆ ಯಾರು ಬಂದರೂ ದಾಟಿ ಹೋಗಬಹುದಾದವ, ಎಂದು ಅಡ್ಡಹೆಸರು ಬಿದ್ದಿದೆ, ಅವನು ಆಟ ಬಿಟ್ಟನಂತೆ ಎಂದು ಯಾರೋ ಹೇಳಿದಾಗ ಎಲ್ಲರ ಜೊತೆ ನಾನೂ ನಕ್ಕಿದ್ದೇನೆ. ಪ್ರತಿ ಶನಿವಾರ ನಾಯಕರು ಬಂದು ಕೈ ಹಿಡಿಯುತ್ತಿದ್ದರು, ನಾನು "ಸರಿ ಉಂಟು" ಎನ್ನುತ್ತಿದ್ದೆ. ಅದಕ್ಕೆ ಮೊದಲು ನಾಲ್ಕೂ ಮೂಲೆಗಳನ್ನು ಮೂರು ಮೂರು ಸಲ ಅಳೆಯುತ್ತಿದ್ದೆ. ಉಳಿದವರು ಅದನ್ನು ನನ್ನ ಶಿಸ್ತು ಎಂದುಕೊಂಡರು.

ವಿಧಾನಗಳು ಬದಲಾದವು. ಪುಡಿ ಸುಣ್ಣ ಹೋಗಿ ಬಣ್ಣದ ಸ್ಪ್ರೇ ಬಂತು. ನಾನು ನಿವೃತ್ತನಾಗುವ ಎರಡು ವರ್ಷ ಮೊದಲು ಗೆರೆ ಎಳೆಯುವ ರೋಬಾಟ್ ಬಂತು. ಆಕಾಶದ ಉಪಗ್ರಹ ನೋಡಿಕೊಂಡು ಅದು ತಾನೇ ನಡೆದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಹಗ್ಗ ಎಳೆದು ಎಳೆದು ಸೊಂಟ ಹೋದವರಿಗೆ ಹಳೆಯ ಕಾಲದ ಮೇಲೆ ಅಂಥ ಪ್ರೀತಿ ಇರುವುದಿಲ್ಲ. ಅದು ಗೆರೆ ಹಾಕುವಾಗ ನಾನು ಅದರ ಹಿಂದೆಯೇ ಎಡಮೂಲೆಯವರೆಗೆ ನಡೆದುಹೋಗುತ್ತಿದ್ದೆ.

ಎಮ್ಲಿನ್ ತೀರಿಕೊಂಡು ನಾಲ್ಕು ವರ್ಷವಾಯಿತು. ಈಚೆಗೆ ಕ್ಲಬ್ಬಿನವರು ತಮ್ಮ ಚರಿತ್ರೆಯ ಪುಸ್ತಕ ತರಲು ಹೊರಟು, ಮೈದಾನದ ಬಗ್ಗೆ ನಾಲ್ಕು ಪುಟ ಬರೆದುಕೊಡಲು ನನಗೆ ಹೇಳಿದರು. ರೋಲರ್ ಬರೆದೆ, ಮೋಲ್ ಬರೆದೆ. ಆ ಶನಿವಾರಕ್ಕೆ ಬಂದು ನಿಂತೆ. ನಾಲ್ಕು ದಿನ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತದ್ದು ನೋಡಿ ವಸಂತಿ ನನ್ನ ಬಾಯಿ ಬಿಡಿಸಿದಳು.

"ಹತ್ತೊಂಬತ್ತು ವರ್ಷ ನನ್ನ ಹತ್ರವೂ ಹೇಳ್ಲಿಲ್ಲ ನೀವು" ಎಂದಳು. ಪಾತ್ರೆಗಳನ್ನು ಒರೆಸಿ ಇಟ್ಟಳು. ಆಮೇಲೆ, "ಬರೆಯುದಿದ್ರೆ ಬರೀರಿ. ಆದ್ರೆ ಉವೆ ಅದನ್ನು ಪುಸ್ತಕದಲ್ಲಿ ಓದಿ ತಿಳ್ಕೊಳ್ಳುದು ಬೇಡ. ಮೊದ್ಲು ಹೋಗಿ ಅವನಿಗೆ ಹೇಳಿ ಬನ್ನಿ" ಎಂದಳು.

ಉವೆ ಅಡುಗೆಮನೆಯಲ್ಲಿ ಶತಾವರಿಯ ಸಿಪ್ಪೆ ತೆಗೆಯುತ್ತಾ ಕೂತಿದ್ದ. ಛಾವಣಿ ಹತ್ತಿ ಹತ್ತಿ ಎರಡೂ ಮಂಡಿ ಬದಲಿಸಿಯಾಗಿದೆ. ನನಗೂ ಒಂದು ಚಾಕು ಕೊಟ್ಟ. ನಾನು ಸಿಪ್ಪೆ ತೆಗೆಯುತ್ತಲೇ ಕೊಳವೆಯಿಂದ ಶುರುಮಾಡಿ ಎಲ್ಲ ಹೇಳಿದೆ, ಎಮ್ಲಿನ್ ಮನೆಗೆ ಹೋದದ್ದನ್ನೂ ಬಿಡಲಿಲ್ಲ.

"ಎಷ್ಟು?" ಎಂದ.

ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದೆ.

ಅವನು ಚಾಕು ಇಟ್ಟ. ಮುಖ ಕೆಂಪಾಯಿತು. "ಹತ್ತೊಂಬತ್ತು ವರ್ಷ ಆ ಫೋಟೋದ ಅಡಿಯಲ್ಲಿ ನನ್ನ ಜೊತೆ ಬಿಯರ್ ಕುಡ್ದಿ. ನಾನು ಕಥೆ ಹೇಳುವಾಗ ನೀನು ತಲೆ ಆಡಿಸಿದಿ. ನನ್ನನ್ನು ಮಂಗ ಮಾಡಿದಿ ನೀನು."

"ನಿನಗೆ ಬೇಜಾರಾಗ್ತದೆ ಅಂತ..."

"ಎದ್ದು ಹೋಗು."

ನಾನು ಎದ್ದೆ. ಅವನ ಬದುಕಿನ ಒಂದೇ ಟ್ರೈಯನ್ನು ಹೀಗೆ ಬಂದು ಕಿತ್ತುಕೊಂಡು ಹೋಗುತ್ತಿದ್ದೇನೆ ಎಂದು ನನಗೆ ನಿಜವಾಗಿ ಸಂಕಟವಾಯಿತು. ಬೂಟು ಹಾಕಿಕೊಳ್ಳುತ್ತಿದ್ದಾಗ ಅವನು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದ.

"ಯೋಹೆನ್‌ಗೆ ಗೊತ್ತುಂಟಾ?"

"ಯಾವ ಯೋಹೆನ್?"

"ನನ್ನ ಸೊಂಟ ಹಿಡಿದವ. ಹಾಗಾದ್ರೆ ಅವ ನನ್ನನ್ನು ನಿಲ್ಲಿಸಿದ್ದ, ಅಲ್ವಾ?"

ಇಷ್ಟು ವರ್ಷ ಮೂರು ಮೂರು ಸಲ ಅಳೆದ ನನಗೆ ಈ ಒಂದು ಮಾತು ಹೊಳೆದಿರಲಿಲ್ಲ. ಟ್ರೈ ಕಳೆದುಕೊಂಡವನಿಗೆ ಅದು ನಾನು ಬೂಟು ಹಾಕುವಷ್ಟರಲ್ಲಿ ಹೊಳೆಯಿತು. ನನಗೆ ನನ್ನ ಮೇಲೆ ನಾಚಿಕೆಯಾಯಿತು.

ಅವನ ಕಾರಿನಲ್ಲೇ ಹೊರಟೆವು. ದಾರಿಯಲ್ಲಿ ಕ್ಲಬ್ಬಿನ ಮುಂದೆ ನಿಲ್ಲಿಸಿ, ಒಳಗೆ ಹೋಗಿ, ಫೋಟೋವನ್ನು ಗೋಡೆಯಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಬಂದ. ಅಲ್ಲಿಂದ ನೆರೆಯ ಊರಿಗೆ ಹತ್ತು ಕಿಲೋಮೀಟರ್.

ಯೋಹೆನ್‌ಗೆ ಸೈಕಲ್ ರಿಪೇರಿಯ ಅಂಗಡಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿಕೊಂಡು ಚಕ್ರ ತಿರುಗಿಸುತ್ತಿದ್ದ. ಉವೆಯನ್ನು ಗುರುತಿಸಿದ, ಕಂಕುಳಲ್ಲಿದ್ದ ಫೋಟೋವನ್ನೂ ಗುರುತಿಸಿದ. "ಓಹೋ, ಇನ್ನು ಅದನ್ನು ಇಲ್ಲಿಗೂ ತರ್ಲಿಕ್ಕೆ ಶುರು ಮಾಡಿದ್ರಾ?" ಎಂದ. ಉವೆ ಅದನ್ನು ಮೇಜಿನ ಮೇಲೆ ಸ್ಪ್ಯಾನರುಗಳ ನಡುವೆ ಇಟ್ಟು, ನನ್ನ ಕಡೆ ತಿರುಗಿ, "ಹೇಳು" ಎಂದ.

ಹೇಳಿದೆ. ಹೇಳಿ ಮುಗಿದ ಮೇಲೆ, "ಅವತ್ತು ನೀವು ಕೇಳಿದಾಗ ನನಗೆ ಗೊತ್ತಿರ್ಲಿಲ್ಲ. ಮಂಗಳವಾರ ಗೊತ್ತಾಯ್ತು. ಅವತ್ತೇ ನಿಮ್ಮ ಹತ್ರ ಬರ್ಬೇಕಿತ್ತು" ಎಂದೆ. ಯೋಹೆನ್ ಕೈ ಒರೆಸಿಕೊಂಡ. ಒರೆಸಿಯಾದ ಮೇಲೂ ಅದೇ ಬಟ್ಟೆಯಿಂದ ಒರೆಸುತ್ತಲೇ ಇದ್ದ. ಫೋಟೋದ ಮೇಲೆ ಬಗ್ಗಿ, ತನ್ನದೇ ಮುಚ್ಚಿದ ಕಣ್ಣುಗಳನ್ನು ನೋಡಿದ. ಆಮೇಲೆ ಮಹಡಿಯ ಮೆಟ್ಟಿಲಿನ ಕಡೆಗೆ ಹೋಗಿ ಹೆಂಡತಿಯನ್ನು ಕರೆದ.

"ಗಾಬಿ, ಕೆಳಗೆ ಬಾ. ಇವ್ರು ಎಂತ ಹೇಳ್ತಾರೆ ಕೇಳು." ನನಗೆ, "ಮೊದ್ಲಿಂದ ಹೇಳಿ" ಎಂದ.

ಮೊದಲಿಂದ ಹೇಳಿದೆ. ಗಾಬಿ ಮೆಟ್ಟಿಲ ಮೇಲೆಯೇ ನಿಂತು ಕೇಳಿದಳು. ಮುಗಿದ ಮೇಲೆ ನಮ್ಮಿಬ್ಬರನ್ನು ನೋಡಲೇ ಇಲ್ಲ, ಗಂಡನನ್ನು ನೋಡಿದಳು.

"ಅವತ್ತು ಮನೆಗೆ ಬಂದು ನೀನು ಇದನ್ನೇ ಹೇಳಿದ್ದಿ. ಮೂಲೆ ಸರಿ ಇರ್ಲಿಲ್ಲ, ನಾನು ಅವನನ್ನು ಹಿಡಿದಿದ್ದೆ ಅಂತ." ಅವಳ ಧ್ವನಿ ಸಣ್ಣಗಾಯಿತು. "ಸೋತದ್ದಕ್ಕೆ ನೆಪ ಹೇಳ್ಬೇಡ ಅಂತ ಹೇಳಿದೆ ನಾನು."

"ಹೌದು" ಎಂದ ಯೋ‌ಹೆನ್. ಮೇಜಿನ ಹತ್ತಿರದ ಸ್ಟೂಲನ್ನು ಎಳೆದು ಅವಳಿಗೆ ಕೊಟ್ಟ. ತಾನು ತಲೆಕೆಳಗಾದ ಸೈಕಲ್ಲಿನ ಪಕ್ಕ ನಿಂತ, ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದ.

"ಇನ್ನೊಮ್ಮೆ ಹೇಳಿ" ಎಂದ.